ಹೇಜಲ್‌ನಟ್ ಮತ್ತು ಅನೀಸ್: ಹಿತ್ತಲಿನ ಬಿಸಿಲು ಯಾವುದಕ್ಕೆ?

ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಪೋರ್ಟ್‌ಲ್ಯಾಂಡಿನಿಂದ ದಕ್ಷಿಣಕ್ಕೆ ಹೊರಟರೆ, ವಿಲಮೆಟ್ ಕಣಿವೆಯ ರಸ್ತೆಗಳ ಇಕ್ಕೆಲಗಳಲ್ಲಿ ನಮ್ಮ ಅಡಿಕೆ ತೋಟದಷ್ಟೇ ಶಿಸ್ತಿನ ಸಾಲುಗಳಲ್ಲಿ ನಿಂತ ಹೇಜಲ್‌ನಟ್ ಮರಗಳು ಕಾಣುತ್ತವೆ. ಅಮೆರಿಕ ಬೆಳೆಯುವ ಹೇಜಲ್‌ನಟ್ಟಿನಲ್ಲಿ ನೂರಕ್ಕೆ ಸುಮಾರು ತೊಂಬತ್ತೊಂಬತ್ತು ಪಾಲು ಈ ಒಂದೇ ರಾಜ್ಯದ್ದು. 1989ರಲ್ಲಿ ಅದನ್ನು ರಾಜ್ಯದ ಅಧಿಕೃತ ಚಿಪ್ಪುಬೀಜವೆಂದೇ ಘೋಷಿಸಲಾಗಿದೆ. ಇಲ್ಲಿ ಹಿತ್ತಲಿರುವ ಮನೆ ಕೊಂಡ ಕನ್ನಡಿಗರಿಗೆ ಮೊದಲ ವರ್ಷವೇ ಎರಡು ಹೇಜಲ್ ಗಿಡ ನೆಡುವ ಆಸೆ ಹುಟ್ಟುವುದು ಸಹಜ. ಅದೇ ಹೊತ್ತಿಗೆ ಅಡುಗೆಮನೆಯ ಕಡೆಯಿಂದ ಇನ್ನೊಂದು ಬೇಡಿಕೆಯೂ ಬರುತ್ತದೆ: ಸೋಂಪಿನ ಬಂಧುವಾದ ಅನೀಸ್ ಹಾಕಿದರೆ ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವುದಕ್ಕೂ ಆಯಿತು, ಕಷಾಯಕ್ಕೂ ಆಯಿತು. ಬಿಸಿಲು ಚೆನ್ನಾಗಿ ಬೀಳುವ ಜಾಗ ಒಂದೇ ಇದ್ದಾಗ ಎರಡರಲ್ಲಿ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆ ಹೀಗೆ ಹುಟ್ಟುತ್ತದೆ.

ಈ ಹೋಲಿಕೆಯಲ್ಲಿ ನಿಜವಾಗಿ ಅಳೆಯಬೇಕಾದದ್ದು ರುಚಿಯನ್ನಲ್ಲ, ಕಾಲವನ್ನು ಎಂಬುದು ನನ್ನ ಅಭಿಪ್ರಾಯ. ಹೇಜಲ್ ಗಿಡವು ನೆಟ್ಟ ಮೂರರಿಂದ ಐದನೆಯ ವರ್ಷಕ್ಕೆ ನಾಲ್ಕು ಬೀಜ ತೋರಿಸಿ, ಎಂಟು ಹತ್ತು ವರ್ಷಕ್ಕೆ ಪೂರ್ಣ ಫಸಲಿಗೆ ಬಂದು, ಆಮೇಲೆ ನಾಲ್ಕೈದು ದಶಕಗಳ ಕಾಲ ನಿಲ್ಲುತ್ತದೆ. ಅನೀಸ್ ಮೇ ತಿಂಗಳಲ್ಲಿ ಮೊಳೆತು ಸೆಪ್ಟೆಂಬರಿನಲ್ಲಿ ಒಣಗಿ ಮುಗಿಯುತ್ತದೆ. ಆದ್ದರಿಂದ ಗಿಡದ ಅಂಗಡಿಗೆ ಹೋಗುವ ಮೊದಲು ನಿಮಗೆ ನೀವೇ ಕೇಳಿಕೊಳ್ಳಬೇಕಾದದ್ದು, ಈ ಮನೆಯಲ್ಲಿ ಇನ್ನೆಷ್ಟು ವರ್ಷ ಇರುತ್ತೇವೆ ಎಂಬುದನ್ನು. ಬಾಡಿಗೆ ಮನೆಯವರು, ಕೆಲಸದ ನಿಮಿತ್ತ ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಿಸುವವರು ಹೇಜಲ್ಲಿನ ಭಾಗವನ್ನು ಕುತೂಹಲಕ್ಕಷ್ಟೇ ಓದಿದರೆ ಸಾಕು.

ಮೊದಲು ಹೆಸರು ಖಚಿತಪಡಿಸಿಕೊಳ್ಳಿ

ಅನೀಸ್ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಮಣ್ಣಿನಲ್ಲಿ ಆಗುವುದಿಲ್ಲ, ಹೆಸರಿನಲ್ಲೇ ಆಗುತ್ತವೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಸೋಂಪು, ಬಡೇಸೋಪು ಎಂದು ಕೊಡುವುದು ಬಹುಮಟ್ಟಿಗೆ ಫೆನೆಲ್ ಗಿಡದ ಕಾಳು. ಅನೀಸ್ ಅದರ ಬಂಧುವಾದರೂ ಬೇರೆಯೇ ಗಿಡ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಪಿಂಪಿನೆಲ್ಲಾ ಅನೈಸಮ್. ಫೆನೆಲ್ ಕಾಳು ಉದ್ದವಾಗಿ, ನುಣುಪಾಗಿ, ಗೆರೆಗಳೆದ್ದು ಕಾಣುತ್ತದೆ; ಅನೀಸ್ ಕಾಳು ಅದಕ್ಕಿಂತ ಚಿಕ್ಕದು, ಬೂದು ಹಸಿರು ಬಣ್ಣದ್ದು, ಒಂದು ತುದಿಯಲ್ಲಿ ದಪ್ಪಗಿರುವ ಹನಿಯಾಕಾರದ್ದು, ಮುಟ್ಟಿದರೆ ಸಣ್ಣ ರೋಮದ ಒರಟುತನ ಕೈಗೆ ತಿಳಿಯುತ್ತದೆ. ಎರಡಕ್ಕೂ ಆ ಪರಿಮಳ ಬರುವುದು ಅನೆಥೋಲ್ ಎಂಬ ಒಂದೇ ಎಣ್ಣೆಯಂಶದಿಂದ, ಅನೀಸಿನಲ್ಲಿ ಮಾತ್ರ ಅದರ ಪಾಲು ಇನ್ನೂ ಹೆಚ್ಚು. ಬಿರಿಯಾನಿಗೆ ಹಾಕುವ ಚಕ್ರಮೊಗ್ಗನ್ನು ಇಂಗ್ಲಿಷಿನಲ್ಲಿ ಸ್ಟಾರ್ ಅನೀಸ್ ಎನ್ನುತ್ತಾರಾದರೂ ಅದು ಚೀನಾ ಮತ್ತು ವಿಯೆಟ್ನಾಮ್ ಕಡೆಯ ಒಂದು ಮರದ ಕಾಯಿ. ಅನೀಸಿಗೂ ಅದಕ್ಕೂ ಪರಿಮಳದ ಹೊರತು ಯಾವ ಸಂಬಂಧವೂ ಇಲ್ಲ. ಅಮೆರಿಕದ ತರಕಾರಿ ಅಂಗಡಿಗಳು ಫೆನೆಲ್ ಗೆಡ್ಡೆಯ ಮೇಲೂ ಕೆಲವೊಮ್ಮೆ ಅನೀಸ್ ಎಂದೇ ಚೀಟಿ ಅಂಟಿಸುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಬೀಜದ ಪೊಟ್ಟಣದ ಮೇಲೆ ಸಸ್ಯಶಾಸ್ತ್ರೀಯ ಹೆಸರನ್ನು ಓದಿಯೇ ಕೊಳ್ಳಿ.

ಹೇಜಲ್ಲಿನ ಹೆಸರಿನಲ್ಲಿ ಇಷ್ಟು ತೊಡಕಿಲ್ಲ. ಓರೆಗಾನಿನ ಹಳೆಯ ರೈತರು ಅದನ್ನು ಇಂದಿಗೂ ಫಿಲ್ಬರ್ಟ್ ಎನ್ನುತ್ತಾರೆ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದವರು ಕಾಬ್‌ನಟ್ ಎನ್ನುತ್ತಾರೆ. ತೋಟಗಾರನ ಕೆಲಸಕ್ಕೆ ಇವನ್ನೆಲ್ಲ ಒಂದೇ ಎಂದುಕೊಂಡರೆ ತೊಂದರೆಯಿಲ್ಲ.

ಹವೆ: ಟರ್ಕಿಯ ನಕ್ಷೆಯನ್ನು ನೋಡಿ

ಈ ಎರಡೂ ಬೆಳೆಗಳಿಗೆ ಹೆಸರಾದ ದೇಶ ಟರ್ಕಿ. ಜಗತ್ತಿನ ಹೇಜಲ್‌ನಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತದೆ. ಅನೀಸಿನ ಸುವಾಸನೆಯ ರಾಕಿ ಎಂಬ ಮದ್ಯವೂ ಅಲ್ಲಿಯದೇ. ಆದರೆ ಎರಡೂ ಬೆಳೆಯುವುದು ಒಂದೇ ಕಡೆಯಲ್ಲಲ್ಲ. ಹೇಜಲ್ ಬೆಳೆಯುವುದು ಉತ್ತರದಲ್ಲಿ, ಕಪ್ಪು ಸಮುದ್ರದ ತೀರದ ಒರ್ದು ಮತ್ತು ಗಿರೆಸುನ್ ಕಡೆಯ ಮಳೆ ತುಂಬಿದ, ಮಂಜು ಮುಸುಕಿದ ಬೆಟ್ಟದ ಇಳಿಜಾರುಗಳಲ್ಲಿ. ಅನೀಸ್ ಬೆಳೆಯುವುದು ಪಶ್ಚಿಮ ಮತ್ತು ನೈರುತ್ಯದಲ್ಲಿ, ಚೆಷ್ಮೆ, ಬುರ್ದುರ್ ಮೊದಲಾದ ಕಡೆಯ ಒಣ ಬೇಸಿಗೆಯ ಬಯಲಿನಲ್ಲಿ. ಹೇಜಲ್ಲಿಗೆ ನೆಲದಲ್ಲಿ ತೇವವೂ ಚಳಿಗಾಲದಲ್ಲಿ ನಿಜವಾದ ಚಳಿಯೂ ಬೇಕು. ಅನೀಸಿಗೆ ಕಾಳು ಬಲಿಯುವ ಹೊತ್ತಿನಲ್ಲಿ ಒಣ ಹವೆ ಬೇಕೇ ಬೇಕು, ಮಳೆ ಹಿಡಿದರೆ ಹೂಗೊಂಚಲಿನಲ್ಲೇ ಕಾಳು ಕಪ್ಪಾಗುತ್ತದೆ. ವಿಲಮೆಟ್ ಕಣಿವೆಯಲ್ಲಿ ಮಳೆಯೆಲ್ಲ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಸುರಿದು, ಜುಲೈ ಆಗಸ್ಟ್ ಒಣಗಿರುವುದರಿಂದ ಎರಡೂ ಬೆಳೆಗಳು ಅಕ್ಕಪಕ್ಕದಲ್ಲಿ ಸಾಧ್ಯವಾಗುತ್ತವೆ. ಇಂಗ್ಲೆಂಡಿನಲ್ಲಿರುವವರು ಮಾತ್ರ ಹೇಜಲ್ಲನ್ನು ನಿಶ್ಚಿಂತೆಯಿಂದ ನೆಟ್ಟು, ಅನೀಸನ್ನು ದಕ್ಷಿಣಕ್ಕೆ ಮುಖಮಾಡಿದ ಬೆಚ್ಚನೆಯ ಗೋಡೆಯ ಬುಡದಲ್ಲಷ್ಟೇ ಪ್ರಯತ್ನಿಸುವುದು ಒಳ್ಳೆಯದು.

ಊರಿನಲ್ಲಿರುವ ನೆಂಟರು ಹೇಜಲ್ ಗಿಡ ಕೇಳಿದರೆ ಏನು ಹೇಳಬೇಕು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೆಚ್ಚಿನ ಹೇಜಲ್ ತಳಿಗಳಿಗೆ ಚಳಿಗಾಲದಲ್ಲಿ ಏಳು ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದ ತಾಸುಗಳು ಒಟ್ಟು 800ರಿಂದ 1200ರಷ್ಟು ಸಿಗಬೇಕು. ಇಲ್ಲದಿದ್ದರೆ ಮೊಗ್ಗುಗಳ ನಿದ್ದೆ ಸರಿಯಾಗಿ ಕಳೆಯುವುದಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ಮರ ಕೇಳುವ ಚಳಿಯ ಲೆಕ್ಕಕ್ಕೆ ಅಲ್ಲಿ ಒಂದು ತಾಸೂ ಜಮೆಯಾಗುವುದಿಲ್ಲ. ಭಾರತದಲ್ಲಿ ಹೇಜಲ್ ಜಾತಿಯ ಮರಗಳಿರುವುದು ಕಾಶ್ಮೀರ, ಹಿಮಾಚಲದಂಥ ಹಿಮಾಲಯದ ನಾಡುಗಳಲ್ಲಿ. ಸಸಿಯನ್ನು ಸೂಟ್‌ಕೇಸಿನಲ್ಲಿ ಅಡಗಿಸಿ ಒಯ್ಯುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಕೈಬಿಡುವುದು ಕ್ಷೇಮ; ಭಾರತದ 2003ರ ಸಸ್ಯ ದಿಗ್ಬಂಧನ ಆದೇಶದಂತೆ ಪರವಾನಗಿಯೂ ಸಸ್ಯಾರೋಗ್ಯ ಪತ್ರವೂ ಇಲ್ಲದೆ ಗಿಡ ತರುವಂತಿಲ್ಲ. ಅನೀಸಿನ ಮಾತು ಬೇರೆ. ಬಯಲುಸೀಮೆಯಲ್ಲಿ ಹಿಂಗಾರು ಕಳೆದು ಚಳಿ ಇಳಿಯುವ ನವೆಂಬರ್ ಹೊತ್ತಿಗೆ ಕೊತ್ತಂಬರಿಯ ಜತೆಗೇ ಒಂದು ಮಡಿ ಬಿತ್ತಿ ನೋಡಬಹುದು. ಮಲೆನಾಡು ಮತ್ತು ಕರಾವಳಿಯ ತೇವದಲ್ಲಿ ನಾನು ಅದರ ಮೇಲೆ ಭರವಸೆಯಿಡಲಾರೆ.

ಹೇಜಲ್: ನೆಡುವುದಕ್ಕೆ ಮೊದಲೇ ಜೋಡಿಯನ್ನು ಹುಡುಕಿ

ಹೇಜಲ್ ಬೆಳೆಯ ಗುಟ್ಟೆಲ್ಲ ಅದರ ಹೂವಿನಲ್ಲಿದೆ. ಒಂದೇ ಮರದಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಇರುತ್ತವೆ; ಆದರೂ ಒಂದು ಮರ ತನ್ನ ಪರಾಗದಿಂದಲೇ ಕಾಯಿ ಕಚ್ಚುವುದಿಲ್ಲ, ಅದೇ ತಳಿಯ ಇನ್ನೊಂದು ಮರದ ಪರಾಗವೂ ಅದಕ್ಕೆ ಒಗ್ಗುವುದಿಲ್ಲ. ಬೇರೆ ಬೇರೆ ತಳಿಯ ಮರಗಳಾದರೂ ಕೆಲವು ಜೋಡಿಗಳು ಪರಸ್ಪರ ಕೂಡುವುದಿಲ್ಲ. ನನ್ನ ಹಿತ್ತಲಿನಲ್ಲಿ ಮೊದಲು ನೆಟ್ಟ ಎರಡು ಗಿಡಗಳು ಒಂದೇ ತಳಿಯವು ಎಂಬುದು ತಿಳಿದದ್ದು ಆರನೆಯ ವರ್ಷದಲ್ಲಿ, ಮರದ ತುಂಬ ಹೂವಿದ್ದು ಒಂದು ಬೀಜವೂ ಕಾಣದೆ ಹೋದಾಗ. ಚೀಟಿಯನ್ನು ಓದದೆ ಕೊಂಡದ್ದು ನನ್ನದೇ ತಪ್ಪು.

ಗಂಡು ಹೂಗಳು ಕಾಳುಮೆಣಸಿನ ಕದಿರಿನಂತೆ ಜೋತುಬಿದ್ದ ಹಳದಿ ಗೊಂಚಲುಗಳು. ಚಳಿಗಾಲದ ನಡುವೆ, ಜನವರಿ ಫೆಬ್ರವರಿಯಲ್ಲಿ, ಎಲೆಯೇ ಇಲ್ಲದ ಕೊಂಬೆಯ ತುಂಬ ನೇತಾಡಿ ಗಾಳಿಗೆ ಪುಡಿ ಉದುರಿಸುತ್ತವೆ. ಹೆಣ್ಣು ಹೂವನ್ನು ನೋಡಬೇಕಾದರೆ ಕೊಂಬೆಗೆ ಮೂಗು ತಾಗಿಸಿ ಹುಡುಕಬೇಕು: ಎಲೆಯ ಮೊಗ್ಗಿನಂಥದೇ ಒಂದು ಮೊಗ್ಗು, ಅದರ ತುದಿಯಲ್ಲಿ ಕೇಸರಿ ಎಳೆಗಿಂತ ಚಿಕ್ಕದಾದ ಕಡುಗೆಂಪು ಎಳೆಗಳ ಒಂದು ಕುಚ್ಚು. ಪರಾಗವನ್ನು ಗಾಳಿಯೇ ಸಾಗಿಸುತ್ತದೆ, ಜೇನಿನ ನೆರವು ಬೇಕಿಲ್ಲ. ಇನ್ನೂ ವಿಚಿತ್ರವೆಂದರೆ, ಚಳಿಗಾಲದಲ್ಲಿ ಹೂವಿಗೆ ಅಂಟಿದ ಪರಾಗವು ನಾಲ್ಕೈದು ತಿಂಗಳು ಹಾಗೆಯೇ ಕಾದಿದ್ದು, ಬೇಸಿಗೆ ಕಾಲಿಡುವ ಹೊತ್ತಿಗೆ ಗರ್ಭಕಟ್ಟುತ್ತದೆ. ಚಿಪ್ಪು ಮೊದಲು ಪೂರ್ಣ ಗಾತ್ರಕ್ಕೆ ಬೆಳೆದು ಆಮೇಲೆ ಒಳಗಿನ ತಿರುಳು ತುಂಬುತ್ತದೆ. ಆದ್ದರಿಂದಲೇ ಹೊರಗೆ ದುಂಡಗೆ ಕಾಣುವ ಬೀಜ ಒಡೆದಾಗ ಜೊಳ್ಳಾಗಿರುವುದುಂಟು.

ಹೀಗಿರುವುದರಿಂದ ಹೆಜ್ಜೆಗಳನ್ನು ಈ ಕ್ರಮದಲ್ಲಿ ಇಡಿ. ಮೊದಲು ಮುಖ್ಯ ತಳಿಯನ್ನು ಆರಿಸಿ, ಬಳಿಕ ಅದರ ಹೂ ಅರಳುವ ಹೊತ್ತಿಗೇ ಪರಾಗ ಬಿಡುವ, ಅದಕ್ಕೆ ಒಗ್ಗುವ ಇನ್ನೊಂದು ತಳಿಯನ್ನು ಹುಡುಕಿ, ಎರಡೂ ದೊರೆತ ಮೇಲೆಯೇ ಗುಂಡಿ ತೋಡಿ. ಓರೆಗಾನಿನವರಿಗೆ ಈ ಆಯ್ಕೆಯಲ್ಲಿ ಇನ್ನೊಂದು ನಿರ್ಬಂಧವಿದೆ. ಪೂರ್ವ ಅಮೆರಿಕದ ಕಾಡು ಹೇಜಲ್ಲಿನ ಮೇಲೆ ನಿರುಪದ್ರವಿಯಂತೆ ಬದುಕಿದ್ದ ಒಂದು ಶಿಲೀಂಧ್ರವು 1970ರ ಸುಮಾರಿಗೆ ಪಶ್ಚಿಮಕ್ಕೆ ದಾಟಿ ಬಂದು, ಮುಂದೆ ವಿಲಮೆಟ್ ಕಣಿವೆಯ ಹಳೆಯ ತೋಟಗಳನ್ನು ಒಣಗಿಸಿತು. ಈಸ್ಟರ್ನ್ ಫಿಲ್ಬರ್ಟ್ ಬ್ಲೈಟ್ ಎಂಬ ಈ ರೋಗ ತಗಲಿದ ಕೊಂಬೆಯ ಮೇಲೆ ಕಪ್ಪು ಗಂಟುಗಳು ಸಾಲಾಗಿ ಎದ್ದು, ಅಲ್ಲಿಂದ ಮೇಲಿನ ಭಾಗವೆಲ್ಲ ಸಾಯುತ್ತದೆ. ಓರೆಗಾನ್ ಸ್ಟೇಟ್ ಯೂನಿವರ್ಸಿಟಿಯ ತಳಿ ಅಭಿವೃದ್ಧಿಗಾರರು ಗ್ಯಾಸವೇ ಎಂಬ ಹಳೆಯ ತಳಿಯಲ್ಲಿ ಕಂಡುಬಂದ ನಿರೋಧಕ ಗುಣವನ್ನು ಬಳಸಿ ಹೊಸ ತಳಿಗಳನ್ನು ಹೊರತಂದರು: 2008ರಲ್ಲಿ ಯಾಮ್‌ಹಿಲ್, 2009ರಲ್ಲಿ ಜೆಫರ್ಸನ್, 2012ರಲ್ಲಿ ಡಾರಿಸ್. ಚಿಕ್ಕ ಹಿತ್ತಲಿಗೆ ಗಿಡ್ಡನೆಯ ಯಾಮ್‌ಹಿಲ್ ಅಥವಾ ಡಾರಿಸ್ ಹೊಂದುತ್ತದೆ. ದೊಡ್ಡ ಬೀಜ ಬೇಕೆನ್ನುವವರಿಗೆ ಜೆಫರ್ಸನ್, ಅದರ ಜತೆಗೆ ತಡವಾಗಿ ಪರಾಗ ಬಿಡುವ ಥೀಟಾ ಅಥವಾ ಈಟಾ. ಹಳೆಯ ಬಾರ್ಸಿಲೋನಾ ತಳಿಯನ್ನು, ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಈ ಕಣಿವೆಯಲ್ಲಿ ನೆಡಬೇಡಿ. ಇಂಗ್ಲೆಂಡಿನಲ್ಲಿ ಈ ರೋಗದ ಕಾಟವಿಲ್ಲ. ಅಲ್ಲಿ ಕೆಂಟಿಷ್ ಕಾಬ್ ಮತ್ತು ಅದಕ್ಕೆ ಜೋಡಿಯಾಗಿ ಕಾಸ್‌ಫರ್ಡ್ ನೆಡುವುದು ರೂಢಿ.

ನೆಟ್ಟ ಮೇಲೆ ಜೋಡಿಮರ ಸತ್ತುಹೋದರೆ ಆ ವರ್ಷದ ಫಸಲನ್ನು ಉಳಿಸಿಕೊಳ್ಳುವುದಕ್ಕೆ ಒಂದು ಹಳೆಯ ಉಪಾಯವಿದೆ. ಹೊಂದುವ ತಳಿಯ ಮರವಿರುವ ಪರಿಚಿತರಲ್ಲಿ ಕೇಳಿ, ಹೂಗೊಂಚಲಿರುವ ನಾಲ್ಕು ಕೊಂಬೆಗಳನ್ನು ಕತ್ತರಿಸಿ ತಂದು, ನೀರು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿ, ನಿಮ್ಮ ಮರದತ್ತ ಗಾಳಿ ಬೀಸಿ ಬರುವ ಕಡೆಯಲ್ಲಿ ಇಡಿ. ಕೊಂಬೆಯಲ್ಲಿ ಕಪ್ಪು ಗಂಟುಗಳಿಲ್ಲವೆಂದು ನೋಡಿಕೊಂಡೇ ತರಬೇಕು.

ಹೇಜಲ್ ನೆಡುವ ಕೆಲಸ

ಎಲೆ ಉದುರಿ ಮರ ಮಲಗಿರುವ ನವೆಂಬರಿನಿಂದ ಮಾರ್ಚ್‌ವರೆಗಿನ ಕಾಲ ನೆಡುವುದಕ್ಕೆ ತಕ್ಕದ್ದು. ಆಗ ಬೇರು ಬಿಚ್ಚಿದ, ಮಣ್ಣಿಲ್ಲದ ಸಸಿಗಳು ಅಗ್ಗವಾಗಿಯೂ ಸಿಗುತ್ತವೆ. ಜಾಗ ಗೊತ್ತುಮಾಡಿದ ಮೇಲೆ ಎರಡಡಿ ಆಳದ ಒಂದು ಗುಂಡಿ ತೋಡಿ ನೀರು ತುಂಬಿಸಿ ನೋಡಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಹೇಜಲ್ಲಿಗಲ್ಲ, ಏರು ಮಡಿ ಮಾಡಬೇಕು ಅಥವಾ ಬೇರೆ ಮೂಲೆ ನೋಡಬೇಕು. ಮಣ್ಣಿನ ಪಿಎಚ್ 6ರಿಂದ 7ರ ನಡುವೆ ಇದ್ದರೆ ಚೆನ್ನ. ಇಲ್ಲಿನ ಮಳೆಯಲ್ಲಿ ತೊಳೆದ ಹುಳಿ ಮಣ್ಣಿಗೆ ಮುಂಚಿತವಾಗಿಯೇ ಸುಣ್ಣ ಬೆರೆಸಬೇಕಾಗಬಹುದು. ಗಿಡದಿಂದ ಗಿಡಕ್ಕೆ ನಾಲ್ಕೂವರೆಯಿಂದ ಐದೂವರೆ ಮೀಟರ್ ಬಿಡಿ, ಜೋಡಿಮರ ಹದಿನೈದು ಮೀಟರಿಗಿಂತ ದೂರ ಹೋಗದಿರಲಿ.

ಗುಂಡಿ ಬೇರಿಗಿಂತ ಎರಡು ಪಟ್ಟು ಅಗಲವಿರಲಿ, ಆಳ ಮಾತ್ರ ಬೇರು ಕೂರುವಷ್ಟೇ ಸಾಕು. ನರ್ಸರಿಯಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಟ್ಟು, ತೆಗೆದ ಮಣ್ಣನ್ನೇ ಮುಚ್ಚಿ, ಗಾಳಿ ಉಳಿಯದಂತೆ ಮೆಟ್ಟಿ ನೀರು ಹಾಕಿ. ಗುಂಡಿಯೊಳಗೆ ಗೊಬ್ಬರ ಬೇಡ. ಮೊದಲ ವರ್ಷ ಬೇರು ಸುಡುವ ಭಯವೇ ಹೆಚ್ಚು. ಒಂಟಿ ಕಾಂಡದ ಮರ ಬೇಕೆಂದರೆ ಸಸಿಯ ತುದಿಯನ್ನು ಎರಡೂವರೆ ಅಡಿ ಎತ್ತರಕ್ಕೆ ಕತ್ತರಿಸಿ, ಮುಂದೆ ಮೂರರಿಂದ ಐದು ಕೊಂಬೆಗಳನ್ನಷ್ಟೇ ಬಿಡಿ. ಕಾಂಡಕ್ಕೆ, ನೀರು ಬೆರೆಸಿ ತೆಳುವಾಗಿಸಿದ ಬಿಳಿ ಲೇಟೆಕ್ಸ್ ಬಣ್ಣ ಬಳಿಯುವುದು ಇಲ್ಲಿನ ಪದ್ಧತಿ. ಎಳೆಯ ಅಡಿಕೆ ಮರದ ಕಾಂಡಕ್ಕೆ ಬಿಸಿಲು ಬಡಿಯದಂತೆ ಸುಣ್ಣ ಹಚ್ಚಿದ್ದನ್ನು ಕಂಡವರಿಗೆ ಇದರ ಉದ್ದೇಶವನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಇಪ್ಪತ್ತು ಲೀಟರಿನಷ್ಟು ನೀರನ್ನು ನಿಧಾನವಾಗಿ ಇಂಗುವಂತೆ ಕೊಡಿ, ಬುಡದ ಸುತ್ತ ಮರದ ಚಕ್ಕೆಯ ಹೊದಿಕೆ ಹಾಕಿ, ಹೊದಿಕೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ.

ಆಕಾರದ ಬಗ್ಗೆ ಒಂದು ಮಾತು. ಟರ್ಕಿಯಲ್ಲಿ ಹೇಜಲ್ಲನ್ನು ಒಂಟಿ ಮರವಾಗಿ ಬೆಳೆಸುವುದಿಲ್ಲ. ಐದಾರು ಗಿಡಗಳನ್ನು ಉಂಗುರದಂತೆ ಸುತ್ತಲೂ ನೆಟ್ಟು ಒಂದು ಪೊದೆಯಾಗಿಸುತ್ತಾರೆ. ಆ ಉಂಗುರಕ್ಕೆ ಅವರಿಡುವ ಹೆಸರು ಓಜಾಕ್, ಅಂದರೆ ಒಲೆ. ಓರೆಗಾನಿನಲ್ಲಿ ನೆಲಕ್ಕೆ ಬಿದ್ದ ಬೀಜವನ್ನು ಯಂತ್ರ ಗುಡಿಸಿ ಎತ್ತುವುದರಿಂದ ಒಂಟಿ ಕಾಂಡವೇ ಬೇಕು. ಮನೆಹಿತ್ತಲಿನಲ್ಲಿ ಯಂತ್ರವಿಲ್ಲವಾದ್ದರಿಂದ ಎರಡರಲ್ಲಿ ಯಾವುದಾದರೂ ಆದೀತು. ಪೊದೆಯಾಗಿ ಬಿಟ್ಟರೆ ಬುಡದ ಚಿಗುರು ಕೀಳುವ ಶ್ರಮ ಕಡಿಮೆ, ಒಂಟಿ ಕಾಂಡವಾದರೆ ಕೆಳಗೆ ಬೇರೆ ಬೆಳೆಗೆ ಜಾಗ ಹೆಚ್ಚು. ಒಂಟಿ ಕಾಂಡ ಆರಿಸಿದವರು ಬಾಳೆಯ ಕಂದಿನಂತೆ ಸುತ್ತಲೂ ಏಳುವ ಚಿಗುರುಗಳನ್ನು ವರ್ಷಕ್ಕೆ ಮೂರು ನಾಲ್ಕು ಬಾರಿ, ಎಳೆಯದಾಗಿರುವಾಗಲೇ ತೆಗೆಯಬೇಕು. ಅವುಗಳಲ್ಲಿ ಒಂದನ್ನು ಬಗ್ಗಿಸಿ ಮಣ್ಣು ಮುಚ್ಚಿಟ್ಟರೆ ವರ್ಷದೊಳಗೆ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಗಿಡ ಕಸಿಮಾಡಿದ್ದಲ್ಲ, ತನ್ನದೇ ಬೇರಿನ ಮೇಲಿರುವುದು ಎಂಬುದನ್ನು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ.

ಚಳಿಗಾಲದಲ್ಲಿ ವರ್ಷಕ್ಕೊಮ್ಮೆ ಪ್ರತಿಯೊಂದು ಕೊಂಬೆಯನ್ನೂ ಕಣ್ಣಿಟ್ಟು ನೋಡಿ. ಕಪ್ಪು ಗಂಟು ಕಂಡರೆ ಅಲ್ಲಿಂದ ಎರಡು ಮೂರು ಅಡಿ ಕೆಳಗೆ, ಆರೋಗ್ಯವಾಗಿರುವ ಭಾಗದಲ್ಲಿ ಕತ್ತರಿಸಿ, ಕಡಿದದ್ದನ್ನು ಹಿತ್ತಲಿನಲ್ಲಿ ಬಿಡದೆ ಸುಟ್ಟುಬಿಡಿ. ಉಳಿದ ವೈರಿಗಳೆಂದರೆ ಬೀಜದೊಳಗೆ ಹೊಕ್ಕು ಸಣ್ಣ ತೂತು ಕೊರೆದು ಹೊರಬರುವ ಹುಳು, ನೀಲಿ ಜೇ ಹಕ್ಕಿಗಳು, ಮತ್ತು ಅಳಿಲು. ಅಳಿಲಿನ ವಿರುದ್ಧ ನಾನು ಕಂಡುಕೊಂಡ ಮದ್ದು ಒಂದೇ, ಅದಕ್ಕಿಂತ ಮೊದಲು ಎದ್ದು ಆರಿಸಿಕೊಳ್ಳುವುದು.

ಕೊಯ್ಲು ಎಂಬುದು ಇಲ್ಲಿ ಆರಿಸುವ ಕೆಲಸ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನಲ್ಲಿ ಬಲಿತ ಬೀಜ ತಾನೇ ಸಿಪ್ಪೆಯಿಂದ ಕಳಚಿ ನೆಲಕ್ಕೆ ಬೀಳುತ್ತದೆ. ಮೊದಮೊದಲು ಬೀಳುವುದರಲ್ಲಿ ಜೊಳ್ಳೂ ಹುಳುಕೂ ಹೆಚ್ಚಾಗಿರುವುದರಿಂದ ಅದನ್ನು ಗುಡಿಸಿ ಎಸೆದು, ಆಮೇಲೆ ಎರಡು ದಿನಕ್ಕೊಮ್ಮೆ ಆರಿಸಿ. ಬಕೆಟ್ಟಿನ ನೀರಿಗೆ ಸುರಿದರೆ ಜೊಳ್ಳು ಹೆಚ್ಚಾಗಿ ತೇಲುತ್ತದೆ. ಉಳಿದದ್ದನ್ನು ತೊಳೆದು, ಗಾಳಿಯಾಡುವ ಕಡೆ ಒಂದೇ ಪದರವಾಗಿ ಹರಡಿ, ದಿನಕ್ಕೊಮ್ಮೆ ಕೈಯಾಡಿಸುತ್ತ ಎರಡು ಮೂರು ವಾರ ಒಣಗಿಸಿ. ಒಡೆದಾಗ ತಿರುಳಿನ ಒಳಭಾಗ ಹಾಲುಬಿಳಿಯಿಂದ ಕೆನೆಬಣ್ಣಕ್ಕೆ ತಿರುಗಿ, ಕಡಿದರೆ ಕಟುಮ್ಮೆಂದರೆ ಒಣಗಿದೆ ಎಂದರ್ಥ. ಚೆನ್ನಾಗಿ ಬೆಳೆದ ಮರವೊಂದು ಒಳ್ಳೆಯ ವರ್ಷದಲ್ಲಿ ಐದರಿಂದ ಹತ್ತು ಕಿಲೋ ಬೀಜ ಕೊಡುತ್ತದೆ. ಚಿಪ್ಪು ತೆಗೆದರೆ ಅದರ ಅರ್ಧಕ್ಕಿಂತ ಕಡಿಮೆ ಕೈಗೆ ಬರುತ್ತದೆ, ಮತ್ತು ಒಂದು ವರ್ಷ ಹೆಚ್ಚು ಕೊಟ್ಟ ಮರ ಮರುವರ್ಷ ಕೈ ಬಿಗಿಹಿಡಿಯುವುದುಂಟು. ಒಲೆಪೆಟ್ಟಿಗೆಯಲ್ಲಿ 140 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಹುರಿದು ಒರಟು ಬಟ್ಟೆಯಲ್ಲಿ ತಿಕ್ಕಿದರೆ ಕಹಿಯ ಹೊಟ್ಟು ಬಿಡುತ್ತದೆ. ಆಮೇಲೆ ಅದನ್ನು ಉಂಡೆ ಮಾಡುತ್ತೀರೋ ಚಟ್ನಿಪುಡಿಗೆ ಸೇರಿಸುತ್ತೀರೋ ನಿಮಗೆ ಬಿಟ್ಟದ್ದು. ಮಕ್ಕಳಿಗೆ ಚಿಪ್ಪುಬೀಜಗಳ ಅಲರ್ಜಿ ಇರುವ ಮನೆಯಲ್ಲಿ ಮಾತ್ರ ಈ ಮರವೇ ಬೇಡ. ಅದರ ಪರಾಗವೂ ಕೆಲವರಿಗೆ ಕಾಟ ಕೊಡುತ್ತದೆ.

ಅನೀಸ್: ಸಣ್ಣ ಕೆಲಸ, ಬಿಗಿ ಗಡುವು

ಕೊತ್ತಂಬರಿ, ಸಬ್ಬಸಿಗೆ ಬೆಳೆದು ಗೊತ್ತಿದ್ದವರಿಗೆ ಅನೀಸ್ ಅರ್ಧ ಗೊತ್ತಿದ್ದಂತೆಯೇ. ಮೂರೂ ಒಂದೇ ಕುಟುಂಬದ ಗಿಡಗಳು. ಬೀಜವನ್ನು ಆ ವರ್ಷಕ್ಕೆಂದು ಕಟ್ಟಿದ ಪೊಟ್ಟಣದಿಂದಲೇ ತೆಗೆದುಕೊಳ್ಳಿ. ಅಡುಗೆಮನೆಯ ಡಬ್ಬಿಯಲ್ಲಿ ಎರಡು ವರ್ಷ ಕೂತ ಕಾಳು ಮೊಳೆಯುವ ಭರವಸೆಯಿಲ್ಲ. ಬಿತ್ತನೆಯಿಂದ ಕೊಯ್ಲಿಗೆ ಹಿಮ ಬೀಳದ ಸುಮಾರು 120 ದಿನಗಳು ಬೇಕು. ಹಿಂದಿನಿಂದ ಎಣಿಸಿ: ಅಕ್ಟೋಬರಿನ ಮಳೆ ಹಿಡಿಯುವ ಮೊದಲು ಕಾಳು ಮನೆ ಸೇರಬೇಕಾದರೆ ಮೇ ತಿಂಗಳ ಮೊದಲೆರಡು ವಾರಗಳಲ್ಲಿ ಬಿತ್ತಿರಬೇಕು. ಅದಕ್ಕಿಂತ ಮುಂಚೆ ಬಿತ್ತಿದರೆ ತಣ್ಣನೆಯ ಮಣ್ಣಿನಲ್ಲಿ ಬೀಜ ಕೊಳೆಯುತ್ತದೆ. ಮಣ್ಣು 15 ಡಿಗ್ರಿ ದಾಟಿ 18ರತ್ತ ಬರುವವರೆಗೆ ಕಾಯಿರಿ.

ಅನೀಸಿನ ಬೇರು ನೆಟ್ಟಗೆ ಕೆಳಗಿಳಿಯುವ ತಾಯಿಬೇರಾದ್ದರಿಂದ ಕುಂಡದಲ್ಲಿ ಸಸಿ ಮಾಡಿ ಕಿತ್ತು ನೆಡುವುದು ಅದಕ್ಕೆ ಒಗ್ಗದು. ದಿನಕ್ಕೆ ಆರೇಳು ತಾಸು ಬಿಸಿಲು ಬೀಳುವ, ಗಾಳಿಯ ಹೊಡೆತ ಕಡಿಮೆ ಇರುವ ಮಡಿಯನ್ನು ಒಂದು ಗೇಣು ಆಳಕ್ಕೆ ಅಗೆದು, ಹೆಂಟೆ ಒಡೆದು ಹಣ್ಣುಮಾಡಿ. ಹಸಿ ಗೊಬ್ಬರ ಬೇಡ, ಹಿಂದಿನ ಬೆಳೆಗೆ ಹಾಕಿದ್ದೇ ಸಾಕು. ಸಾರಜನಕ ಹೆಚ್ಚಾದರೆ ಎಲೆ ಸೊಕ್ಕಿ ಕಾಳು ಕಡಿಮೆಯಾಗುತ್ತದೆ. ಸಾಲಿನಿಂದ ಸಾಲಿಗೆ ಒಂದಡಿ ಬಿಟ್ಟು, ಒಂದು ಸೆಂಟಿಮೀಟರ್ ಆಳದಲ್ಲಿ ಬಿತ್ತಿ, ಮೊಳೆಯುವವರೆಗೆ ಮೇಲ್ಮಣ್ಣು ಒಣಗದಂತೆ ತೆಳುವಾಗಿ ನೀರು ಚಿಮುಕಿಸಿ. ಮೊಳಕೆ ಬರಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ, ಆ ಅವಧಿಯಲ್ಲಿ ಕಳೆ ಮುಂದಾಗುತ್ತದೆ. ಮೊದಲು ಬರುವ ಎಲೆಗಳು ದುಂಡಗೆ, ಅಂಚು ಹಲ್ಲುಹಲ್ಲಾಗಿ ಕೊತ್ತಂಬರಿಯಂತಿರುತ್ತವೆ. ಸಬ್ಬಸಿಗೆಯಂಥ ಎಳೆ ಎಲೆಗಳು ಬರುವುದು ಆಮೇಲೆ, ಮೇಲಿನ ಕಾಂಡದಲ್ಲಿ. ಇದು ತಿಳಿಯದೆ ಸಸಿಯನ್ನೇ ಕಳೆಯೆಂದು ಕಿತ್ತವರುಂಟು. ಮೂರು ಅಂಗುಲ ಎತ್ತರವಾದಾಗ ಗಿಡದಿಂದ ಗಿಡಕ್ಕೆ ಆರರಿಂದ ಎಂಟು ಅಂಗುಲ ಉಳಿಯುವಂತೆ ತೆಳುಮಾಡಿ. ಕಿತ್ತ ಸಸಿಯ ಎಲೆ ಕೋಸಂಬರಿಗೆ ಚೆನ್ನಾಗಿರುತ್ತದೆ.

ಗಿಡ ಒಂದೂವರೆಯಿಂದ ಎರಡಡಿ ಏರಿದ ಮೇಲೆ ತೆಳುವಾದ ಕಾಂಡ ಗಾಳಿಗೆ ಮಲಗಿಬಿಡುತ್ತದೆ. ಅದಕ್ಕೆ ಮೊದಲೇ ಬುಡಕ್ಕೆ ಮಣ್ಣು ಏರಿಸಿ, ಮಡಿಯ ನಾಲ್ಕು ಮೂಲೆಗೆ ಗೂಟ ಹೊಡೆದು ಸುತ್ತಲೂ ದಾರ ಕಟ್ಟಿ. ಜುಲೈ ಕೊನೆಯಿಂದ ಬಿಡುವ ಬಿಳಿಯ ಕೊಡೆಹೂಗಳಿಗೆ ಜೇನುನೊಣ, ಹಾಗೂ ಸಸಿಹೇನನ್ನು ತಿನ್ನುವ ಕೀಟಗಳ ತಾಯಿನೊಣಗಳು ಮುತ್ತುತ್ತವೆ. ಹೇಜಲ್ಲಿನ ಎಲೆಗೂ ಸಸಿಹೇನು ಕಾಡುವುದರಿಂದ ಪಕ್ಕದಲ್ಲಿ ಅನೀಸ್ ಇರುವುದು ಅದಕ್ಕೂ ಲಾಭ. ಹೂ ಬಿಟ್ಟ ಮೇಲೆ ನೀರು ಕಡಿಮೆ ಮಾಡುತ್ತ ಬಂದು, ಕಾಳು ಬಲಿಯುವಾಗ ನಿಲ್ಲಿಸಿ.

ಒಂದೇ ಗಿಡದ ಕೊಡೆಗಳೂ ಒಟ್ಟಿಗೆ ಹಣ್ಣಾಗುವುದಿಲ್ಲ. ನಡುವಿನ ದೊಡ್ಡ ಕೊಡೆಯ ಕಾಳು ಹಸಿರು ಕಳೆದು ಬೂದುಕಂದಿಗೆ ತಿರುಗಿದಾಗ ಕಾಂಡ ಸಮೇತ ಕೊಯ್ದು, ಕಟ್ಟು ಕಟ್ಟಿ, ತಲೆಕೆಳಗಾಗಿ ಕಾಗದದ ಚೀಲದೊಳಗೆ ನೇತುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಸಲು ಹಿಡಿಯುತ್ತದೆ. ವಾರ ಹತ್ತು ದಿನ ಕಳೆದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಹೊಟ್ಟು ಹಾರಿಸಿದರೆ ಕೆಲಸ ಮುಗಿಯಿತು. ಒಂದು ಚದರ ಮೀಟರಿಗೆ ಐವತ್ತು ಅರವತ್ತು ಗ್ರಾಂ ಕಾಳು ಬಂದರೆ ತೃಪ್ತಿಪಡಬೇಕು. ಇದು ಕಡಿಮೆಯೆನಿಸಿದರೆ, ಗಾಳಿಯಾಡದ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ. ಅಂಗಡಿಯ ಕಾಳಿಗೂ ಇದಕ್ಕೂ ಇರುವ ಅಂತರ ಆಗ ತಿಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿಹೇಳಬೇಕಿದೆ. ಇದೇ ಬಿಳಿ ಕೊಡೆಹೂವಿನ, ಇದೇ ಎಳೆ ಎಲೆಯ ಪಾಯ್ಸನ್ ಹೆಮ್ಲಾಕ್ ಎಂಬ ಮಾರಕ ಕಳೆ ಓರೆಗಾನಿನ ರಸ್ತೆಬದಿಯಲ್ಲಿ, ಹಳ್ಳದ ದಂಡೆಯಲ್ಲಿ ಆಳೆತ್ತರ ಬೆಳೆಯುತ್ತದೆ. ಅದರ ಕಾಂಡ ರೋಮವಿಲ್ಲದೆ ನುಣುಪಾಗಿದ್ದು ನೇರಳೆ ಮಚ್ಚೆಗಳಿರುತ್ತವೆ, ಎಲೆ ಹಿಸುಕಿದರೆ ಇಲಿಯ ವಾಸನೆ ಬರುತ್ತದೆ. ನೀವು ಬಿತ್ತಿದ ಸಾಲಿನ ಆಚೆ ತಾನಾಗಿ ಎದ್ದ ಅಂಥ ಗಿಡವನ್ನು ಅನೀಸ್ ಎಂದು ನಂಬಿ ಬಾಯಿಗೆ ಹಾಕಬೇಡಿ, ಮಕ್ಕಳಿಗೂ ಇದನ್ನು ತೋರಿಸಿ ಹೇಳಿ.

ಎರಡನ್ನೂ ಬೆಳೆಯುವುದಾದರೆ

ಮನೆ ಸ್ವಂತದ್ದು, ಹತ್ತು ವರ್ಷವಾದರೂ ಬಿಡುವುದಿಲ್ಲ ಎನ್ನುವವರು ಒಂದನ್ನು ಬಿಟ್ಟು ಒಂದನ್ನು ಆರಿಸಬೇಕಾಗಿಯೇ ಇಲ್ಲ. ಹೇಜಲ್ ಸಸಿಗಳ ನಡುವಿನ ಐದು ಮೀಟರ್ ಜಾಗ ಮೊದಲ ನಾಲ್ಕೈದು ವರ್ಷ ಬರೀ ಬಿಸಿಲಿನಲ್ಲಿ ಬಿದ್ದಿರುತ್ತದೆ. ಎಳೆಯ ಅಡಿಕೆ ತೋಟದಲ್ಲಿ ಬಾಳೆ ಹಾಕುವಂತೆ ಅಲ್ಲಿ ಅನೀಸ್ ಹಾಕಬಹುದು. ಸಸಿಯ ಬುಡದಿಂದ ನಾಲ್ಕಡಿ ದೂರ ಬಿಟ್ಟು ಮಡಿ ಮಾಡಿ, ಏಕೆಂದರೆ ಹೇಜಲ್ಲಿನ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಅಗೆತ ಅದಕ್ಕೆ ಆಗದು. ನೀರಿನ ಕೊಳವೆಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಆಗಸ್ಟಿನಲ್ಲಿ ಹೇಜಲ್ಲಿನ ತಿರುಳು ತುಂಬುವುದಕ್ಕೆ ನೀರು ಬೇಕಾದಾಗಲೇ ಅನೀಸಿಗೆ ನೀರು ನಿಲ್ಲಿಸಬೇಕಾಗುತ್ತದೆ. ಅನೀಸಿನ ಕೊಯ್ಲು ಸೆಪ್ಟೆಂಬರಿನ ಮೊದಲ ವಾರಗಳಲ್ಲಿ ಮುಗಿದರೆ, ಬೀಜ ಬೀಳುವ ಹೊತ್ತಿಗೆ ನೆಲ ಖಾಲಿಯಾಗಿ ಆರಿಸುವುದಕ್ಕೂ ಅನುಕೂಲ. ಒಂದೇ ಮಡಿಯಲ್ಲಿ ಪ್ರತಿವರ್ಷ ಅನೀಸ್ ಹಾಕದೆ, ಒಂದು ವರ್ಷ ಹುರುಳಿಕಾಯಿಯನ್ನೋ ಬಟಾಣಿಯನ್ನೋ ನಡುವೆ ತನ್ನಿ.

ಆರನೆಯ ಏಳನೆಯ ವರ್ಷಕ್ಕೆ ಮಧ್ಯಾಹ್ನದ ನೆರಳು ಮಡಿಯನ್ನು ಮುಟ್ಟತೊಡಗಿ, ಅನೀಸ್ ಗಿಡಗಳು ಬೆಳಕಿನ ಕಡೆಗೆ ವಾಲಿ ಉದ್ದವಾಗುತ್ತವೆ, ಕಾಳು ಕಡಿಮೆಯಾಗುತ್ತದೆ. ಆ ವರ್ಷವೇ ಅನೀಸನ್ನು ಬೇಲಿಯ ಪಕ್ಕದ ಬಿಸಿಲಿಗೋ, ಒಂದಡಿ ಆಳದ ಕುಂಡಕ್ಕೋ ಸ್ಥಳಾಂತರಿಸಿ, ಮರಗಳ ನಡುವಿನ ನೆಲವನ್ನು ಹುಲ್ಲಿಗೆ ಬಿಟ್ಟುಬಿಡಿ. ಹುಲ್ಲನ್ನು ಸೆಪ್ಟೆಂಬರಿನಲ್ಲಿ ನೆಲಮಟ್ಟಕ್ಕೆ ಕತ್ತರಿಸಿಟ್ಟರೆ ಬಿದ್ದ ಬೀಜಗಳು ಕಣ್ಣಿಗೆ ಬೀಳುತ್ತವೆ.